ಅರ್ಧ ಮುಖದ ಚಳಿಗಾಲ

೯ ಜನವರಿ ೧೯೯೬, ಮಂಗಳವಾರ
ಶಿಡ್ಲಘಟ್ಟ

ಈ ಸಲ ಊರಿಗೆ ಬುರ್ಖಾ ಹಾಕಿಕೊಂಡು ಬಂದೆ. ಹದಿಮೂರು ವರ್ಷದ ಹಿಂದೆ ಇದೇ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ತೆಗೆದು ಮಡಚಿ ಚೀಲಕ್ಕೆ ತುರುಕಿ ಬೆಂಗಳೂರು ಬಸ್ಸು ಹತ್ತಿದವಳು ನಾನು. ಇವತ್ತು ಹಾಕಿಕೊಳ್ಳುವಾಗ ಬೇರೆ ಯಾವ ಯೋಚನೆಯೂ ಇರಲಿಲ್ಲ. ಯಾರಿಗೂ ಮುಖ ಕಾಣಬಾರದಿತ್ತು, ಅಷ್ಟೆ.

ಆದದ್ದನ್ನು ಒಮ್ಮೆ ಬರೆದುಬಿಡುತ್ತೇನೆ. ಗುರುವಾರ ನಂದಿ ಬೆಟ್ಟದ ತಪ್ಪಲಲ್ಲಿ ಸೂರ್ಯ ಹುಟ್ಟುವ ಹೊತ್ತಿನ ಶೂಟಿಂಗ್. ತೆಳ್ಳನೆಯ ಸೀರೆ, ಕೊರೆಯುವ ಗಾಳಿ. ಶುಕ್ರವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸೋರಿಹೋಯಿತು. ಕನ್ನಡಿ ನೋಡಿಕೊಂಡೆ. ಬಲಗಡೆ ನಾನಿದ್ದೆ. ಎಡಗಡೆ ಕೆನ್ನೆ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಕಣ್ಣು ಮುಚ್ಚಿದರೆ ಒಂದೇ ಮುಚ್ಚುತ್ತಿತ್ತು.

"ಲಕ್ವ ಅಲ್ಲಮ್ಮ, ಹೆದರಬೇಡಿ," ಅಂದರು ಡಾಕ್ಟರು. "ಮುಖದ ನರಕ್ಕೆ ಬಾವು ಬಂದಿದೆ. ಹೆಚ್ಚಿನೋರಿಗೆ ತಾನಾಗೇ ಸರಿಹೋಗುತ್ತೆ." ಆಮೇಲೆ ಅವರು ಮಾತ್ರೆ, ಕಣ್ಣಿನ ಡ್ರಾಪ್ಸು, ವ್ಯಾಯಾಮ ಅಂತ ಏನೇನೋ ಹೇಳಿದರು. ನನಗೆ 'ಹೆಚ್ಚಿನೋರಿಗೆ' ಅನ್ನುವುದೊಂದೇ ಕೇಳಿಸಿತು.

ಡೈರೆಕ್ಟರ್ ವೆಂಕಟೇಶಮೂರ್ತಿಯವರು ಫೋನಿನಲ್ಲಿ ಒಳ್ಳೆಯ ಮಾತೇ ಆಡಿದರು. "ಕೆಲವು ಕಂತು ರೆಡಿ ಇವೆ ವಸುಧಾ. ಫೆಬ್ರವರಿವರೆಗೂ ಯೋಚನೆ ಇಲ್ಲ. ರೆಸ್ಟ್ ತಗೊಳ್ಳಿ." ವಸುಧಾ ಅನ್ನುವುದು ಅವರೇ ಇಟ್ಟ ಹೆಸರು. ಎಂಬತ್ತಮೂರರಲ್ಲಿ, "ಗುಲ್ಷನ್ ಅಂದ್ರೆ ನಮ್ಮ ಜನಕ್ಕೆ ನಾಲಿಗೆ ತಿರುಗಲ್ಲಮ್ಮ," ಅಂದಿದ್ದರು. ನಾನೂ ತಲೆಯಾಡಿಸಿದ್ದೆ.

ಇವತ್ತು ಮಂಗಳವಾರ. ನಮ್ಮ 'ಮೂರನೇ ಅಂಗಳ' ಧಾರಾವಾಹಿ ದೂರದರ್ಶನದಲ್ಲಿ ಬರುವ ದಿನ. ಫುಪ್ಪು ಟೀವಿ ಹಾಕಿಕೊಟ್ಟು ಅಡುಗೆಮನೆಗೆ ಹೋದರು. ನನ್ನ ಅಪ್ಪನ ಅಕ್ಕ ಶಹಜಾದಿ ಫುಪ್ಪು ನನ್ನನ್ನು ಸಾಕಿದವರು. ನಾನು ಟೀವಿಗೆ ಬಂದ ಮೊದಲ ದಿನದಿಂದ ಇವತ್ತಿನವರೆಗೂ ಒಮ್ಮೆಯೂ ನೋಡಿದವರಲ್ಲ. ಪಕ್ಕದ ಮನೆಯ ಗಂಗುಲಮ್ಮ ಬಂದು ಚಾಪೆಯ ಮೇಲೆ ಕೂತರು. ಪರದೆಯಲ್ಲಿ ನನ್ನ ಪಾತ್ರ, ಹಿರಿಸೊಸೆ ಸರೋಜ, ದೀಪ ಹಚ್ಚಿ, ತಿರುಗಿ, ಎರಡು ಕೆನ್ನೆಯಲ್ಲೂ ನಕ್ಕಳು. ನಾನು ಕತ್ತಲ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದೆ.

೧೦ ಜನವರಿ

ಕನ್ನಡಿ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಏನೂ ಇಲ್ಲ.

೧೪ ಜನವರಿ, ಭಾನುವಾರ

ಕನ್ನಡಿಯಲ್ಲಿ ಏನೂ ಬದಲಾವಣೆ ಇಲ್ಲ. ಡಾಕ್ಟರು ಹೇಳಿದಂತೆ ಬಲೂನು ಊದಲು ಹೋದರೆ ಗಾಳಿಯೆಲ್ಲ ಎಡತುಟಿಯಿಂದ ಪುಸ್ಸೆಂದು ಹೋಗುತ್ತದೆ. ಪ, ಬ, ಮ ಅನ್ನಲು ಆಗುತ್ತಿಲ್ಲ. 'ಫುಪ್ಪು' ಅಂತ ಕೂಗಿದರೆ ಊದಿದಂತೆ ಕೇಳುತ್ತದೆ. ಫುಪ್ಪು ಗಂಭೀರವಾಗಿಯೇ "ಏನು ಬೇಟಿ?" ಅಂತ ಬರುತ್ತಾರೆ.

ಮನೆಯಲ್ಲಿ ನಾವು ಆಡುವುದು ಉರ್ದು. ಬರೆಯಲು ಮಾತ್ರ ನನಗೆ ಶಾಲೆಯಲ್ಲಿ ಕಲಿತ ಕನ್ನಡವೇ ಬೇಕು. ಫುಪ್ಪುವಿಗೆ ಕನ್ನಡ ಓದಲು ಬಾರದು, ಹಾಗಾಗಿ ಈ ಪುಸ್ತಕವನ್ನು ಎಲ್ಲಿಟ್ಟರೂ ನಡೆಯುತ್ತದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಈಗಲೂ ರೇಷ್ಮೆ ಬಿಚ್ಚುತ್ತಾರೆ. ಕುದಿಯುವ ನೀರಿನಲ್ಲಿ ಗೂಡು ಬೇಯುವ ಆ ವಾಸನೆ! ಬೆಂಗಳೂರಿಗೆ ಹೋದ ಹೊಸತರಲ್ಲಿ ನನ್ನ ಬಟ್ಟೆಗೆ ಆ ವಾಸನೆ ಇದೆಯೇನೋ ಅಂತ ಹೆದರಿ ಸ್ಟುಡಿಯೋಗೆ ಹೋಗುವ ಮುಂಚೆ ಮೂಸಿ ನೋಡುತ್ತಿದ್ದೆ. ಇವತ್ತು ಶೆಡ್ಡಿನ ಬಾಗಿಲಲ್ಲಿ ಸುಮ್ಮನೆ ನಿಂತುಕೊಂಡೆ. ಫುಪ್ಪು ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿದು ಮೇಲಕ್ಕೆತ್ತುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ನಾನು ಬೀದಿಯವರನ್ನೆಲ್ಲ ಅಣಕಿಸುತ್ತಿದ್ದೆ: ಮಾರ್ಕೆಟ್ಟಿನ ಹರಾಜಿನವನು, ಹಾಲಿನ ಆವಲಪ್ಪ, ಮದುವೆ ಮಾತಾಡಲು ಬರುವ ಗೌರಿಬಿದನೂರಿನ ಅಜ್ಜಿ. ಫುಪ್ಪು ನಕ್ಕು ನಕ್ಕು ಎಳೆ ತಪ್ಪಿಸಿಕೊಳ್ಳುತ್ತಿದ್ದರು. ನನ್ನ ಮೊದಲ ಪ್ರೇಕ್ಷಕರು ಅವರೇ. ಅವರೇ ಯಾಕೆ ಟೀವಿ ನೋಡಲಿಲ್ಲ ಅನ್ನುವುದನ್ನು ನಾನು ಯಾವತ್ತೂ ಕೇಳಲಿಲ್ಲ. ಕೇಳದೆಯೇ ಗೊತ್ತಿದೆ ಅಂದುಕೊಂಡಿದ್ದೇನೆ.

೧೭ ಜನವರಿ

ಸುಂದರಮ್ಮ ಟೀಚರ್ ಬಂದಿದ್ದರು. ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು, ನಾಟಕ ಆಡಿಸಿದವರು. ಎಂಬತ್ತಮೂರರಲ್ಲಿ ತಮ್ಮದೇ ಸೀರೆ ಉಡಿಸಿ ದೂರದರ್ಶನದ ಆಡಿಷನ್ನಿಗೆ ಕರೆದುಕೊಂಡು ಹೋದವರೂ ಅವರೇ. ಮುಂದಿನ ವರ್ಷ ರಿಟೈರ್ ಆಗುತ್ತಾರಂತೆ. ನಾನು ಗೋಡೆ ಕಡೆ ತಿರುಗಿ ಕೂತೆ.

"ಏ ಗುಲ್ಷನ್, ಈ ಕಡೆ ತಿರುಗೇ. ನಿಂಗೆ ಸೀತಾಳೆ ಸಿಡುಬು ಬಂದಾಗ್ಲೂ ನೋಡಿದೀನಿ, ಸುಮ್ನಿರು."

ತಿರುಗಿದೆ. ಅವರು ಕನ್ನಡಕ ಏರಿಸಿಕೊಂಡು ಚೆನ್ನಾಗಿ ನೋಡಿದರು.

"ಸ್ಕೂಲ್ ಡೇಗೆ ನಾಟಕ ಬರ್ದಿದೀನಿ. ಹುಡುಗೀರಿಗೆ ಒಂಚೂರು ಹೇಳ್ಕೊಡು ಬಾ. ನಂಗೆ ಈಗ ಕೂಗಾಡೋಕೆ ಆಗಲ್ಲ ಕಣೇ."

"ಈ ಮುಖ ಇಟ್ಕೊಂಡು ಹೇಗೆ ಬರಲಿ ಟೀಚರ್?" ಅಂದೆ. 'ಮುಖ' ಅನ್ನುವುದು ಹೇಗೆ ಕೇಳಿಸಿತೋ, ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನನಗೆ ಅಳು ಬಂತು. ಅಳುವಾಗಲೂ ಒಂದೇ ಕಡೆ ಅಳುತ್ತೇನೆ.

ಹೋಗುವುದಿಲ್ಲ.

೨೦ ಜನವರಿ

ಎಸ್‌ಟಿಡಿ ಬೂತಿನಿಂದ ವೆಂಕಟೇಶಮೂರ್ತಿಯವರಿಗೆ ಫೋನು ಮಾಡಿದೆ. ತುಂಬ ಸುಧಾರಿಸಿದೆ ಅಂತ ಸುಳ್ಳು ಹೇಳಿದೆ. ಅವರು ಮತ್ತೆ ಮತ್ತೆ "ಏನು? ಏನಂದ್ರಿ?" ಅನ್ನುತ್ತಿದ್ದರು. ಲೈನು ಸರಿ ಇಲ್ಲ ಅಂದೆ. ಲೈನು ಸರಿಯಾಗಿಯೇ ಇತ್ತು.

೨೪ ಜನವರಿ

ರಂಜಾನ್ ಶುರುವಾಗಿದೆ. ಮಾತ್ರೆ ಇರುವುದರಿಂದ ನನಗೆ ಉಪವಾಸ ಬೇಡ ಅಂದರು ಫುಪ್ಪು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ತಿನ್ನುವುದು ನಾಚಿಕೆಯಾಗಿ, ಹೊತ್ತು ಹೋಗಲೆಂದು ಶಾಲೆಗೆ ಹೋದೆ. ಬುರ್ಖಾ ಹಾಕಿ, ಮುಸುಕು ಎಳೆದು, ಕೊನೇ ಬೆಂಚಿನಲ್ಲಿ ಕೂತೆ.

ನಾಟಕದ ಹೆಸರು 'ಸೀನೀರ ಬಾವಿ'. ಊರಿಗೆ ಬಂದ ಮೂವರು ಹೊಸ ಮದುವಣಗಿತ್ತಿಯರು ಬಾವಿಕಟ್ಟೆಯಲ್ಲಿ ಸಿಗುತ್ತಾರೆ. ಅಲ್ಲಿ ಕೂತಿರುವ ಒಬ್ಬ ಮುದುಕಿ ಅವರಿಗೆ ಆ ಊರಿನ ಹೆಂಗಸರ ಕಥೆ ಹೇಳುತ್ತಾಳೆ. ಮದುವಣಗಿತ್ತಿಯರು ಪಾಠ ಒಪ್ಪಿಸಿದಂತೆ ಮಾತಾಡಿದರು. ಮುದುಕಿ ಬಾಯಿ ತೆರೆದಳು, ನಾನು ಬೆಂಚಿನಿಂದ ಮುಂದಕ್ಕೆ ಬಾಗಿದೆ. ಒಂಬತ್ತನೇ ಕ್ಲಾಸಿನ ಶಕೀಲಾ. ಉಪವಾಸದಿಂದ ತುಟಿ ಒಣಗಿತ್ತು. ದನಿ ಮಾತ್ರ ಬಾವಿಯ ತಳದಿಂದ ಬಂದಂತಿತ್ತು.

"ಯಾರ ಮಗಳು?" ಅಂತ ಟೀಚರನ್ನು ಕೇಳಿದೆ.

"ತಾಜ್ ಪಾಷಾನ ಮಗಳು ಕಣೇ," ಅಂದು ನನ್ನ ಮುಖ ನೋಡಿದರು. ಮುಸುಕಿತ್ತು, ಪುಣ್ಯಕ್ಕೆ.

೩೧ ಜನವರಿ

ಈಗ ದಿನಾ ಹೋಗುತ್ತಿದ್ದೇನೆ. ಹುಡುಗಿಯರಿಗೆ ಮಾತಿನ ವ್ಯಾಯಾಮ ಅಂತ ಪ, ಫ, ಬ, ಭ, ಮ ಹೇಳಿಸುತ್ತೇನೆ. ಅವರ ಜೊತೆ ನಾನೂ ಹೇಳುತ್ತೇನೆ. ಯಾರು ಯಾರಿಗೆ ಕಲಿಸುತ್ತಿದ್ದಾರೋ ಅವರಿಗೆ ಗೊತ್ತಿಲ್ಲ. ನಿನ್ನೆ ಶಕೀಲಾ, "ಮಿಸ್, ನಿಮ್ಮ 'ಬ' ಇವತ್ತು ಚೆನ್ನಾಗಿ ಬಂತು," ಅಂದಳು. ಹಾಗಾದರೆ ಗೊತ್ತಿತ್ತು.

ಮುಸುಕಿನೊಳಗಿಂದ ಹೇಳಿದರೆ ಹುಡುಗಿಯರಿಗೆ ತಿಳಿಯುವುದಿಲ್ಲ. ಅಳುವುದು ಹೇಗೆ, ಬಿಂದಿಗೆ ಇಳಿಸುವುದು ಹೇಗೆ ಅಂತ ತೋರಿಸಬೇಕು. ತೋರಿಸಲು ಹೋಗಿ ಮುಸುಕು ಸರಿಯಿತು. ಮೊದಲ ದಿನ ಒಂದಿಬ್ಬರು ಬಾಯಿ ಮುಚ್ಚಿಕೊಂಡರು. ಆಮೇಲೆ ಅವರವರ ಮಾತು ಮರೆತುಹೋಗುವ ಚಿಂತೆ ಅವರವರಿಗೆ.

ಸಂಜೆ ಟೀಚರ್ ಜೊತೆ ಹಳೇ ಮಾತು. ಚಿಂತಾಮಣಿಯಲ್ಲಿ ಶಾಲೆಗಳ ನಾಟಕ ಸ್ಪರ್ಧೆ. ಬಸ್ಸಿನ ತುಂಬ ನಾವು, ಕಾಗದದ ಕಿರೀಟಗಳು, ಮಡಿಲಲ್ಲಿ ಪುರಿ. ಕೈವಾರದ ಹತ್ತಿರ ಬಸ್ಸು ಕೆಟ್ಟು ನಿಂತಾಗ ರಸ್ತೆ ಪಕ್ಕದ ಹುಣಸೆಮರದ ಕೆಳಗೇ ಪೂರ್ತಿ ನಾಟಕ ಆಡಿಬಿಟ್ಟೆವು. ಮೇಕೆ ಕಾಯುತ್ತಿದ್ದ ಇಬ್ಬರು ಅಜ್ಜಂದಿರು ನೋಡಿದರು. ಚಿಂತಾಮಣಿ ತಲುಪುವಷ್ಟರಲ್ಲಿ ಸ್ಪರ್ಧೆ ಮುಗಿದಿತ್ತು. "ಅವತ್ತು ಆಡಿದ ಹಾಗೆ ನೀನು ಟೀವೀಲಿ ಒಂದಿನಾನೂ ಆಡಿಲ್ಲ ಬಿಡು," ಅಂದರು ಟೀಚರ್. ಕೋಪ ಬಂತು. ಮನೆಗೆ ಬಂದಮೇಲೆ ನಿಜ ಅನ್ನಿಸಿತು.

ಟೀವಿಯಲ್ಲಿ ನನ್ನ ಮೊದಲ ದಿನವೂ ನೆನಪಾಯಿತು. ಇಡೀ ಬೀದಿಗೆ ಒಂದೇ ಟೀವಿ. ಅದರ ಮನೆಯ ಮಾಳಿಗೆ ಮೇಲೆ ಒಬ್ಬ ಆಂಟೆನಾ ಹಿಡಿದು "ಬಂತಾ? ಬಂತಾ?" ಅನ್ನುತ್ತಿದ್ದ. ಕೆಳಗಿಂದ ಎಲ್ಲರೂ "ಇನ್ನೂ ಸ್ವಲ್ಪ ಬೆಂಗಳೂರ್ ಕಡೀಕೆ!" ಅಂತ ಕೂಗುತ್ತಿದ್ದರು. ಪರದೆ ತುಂಬ ರಾಗಿ ಚೆಲ್ಲಿದಂತೆ ಚುಕ್ಕಿ. ಆ ಚುಕ್ಕಿಗಳ ನಡುವೆ ನಾನು ಬಂದು "ಅಮ್ಮಾವ್ರೇ, ಯಾರೋ ಬಂದಿದಾರೆ," ಅಂದೆ. ಅಷ್ಟೇ ನನ್ನ ಪಾತ್ರ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಗಂಗುಲಮ್ಮ ಅಂಗಡಿಯಿಂದ ಕಲ್ಲುಸಕ್ಕರೆ ತಂದು ಹಂಚಿದರು. ಈಗ ಮನೆಮನೆಗೆ ಕೇಬಲ್ಲು. ಯಾರೂ ಯಾರ ಮನೆಗೂ ಹೋಗುವುದಿಲ್ಲ. ಗಂಗುಲಮ್ಮ ಮಾತ್ರ ಮಂಗಳವಾರ ತಮ್ಮ ಮನೆಯ ಟೀವಿ ಆರಿಸಿ ನಮ್ಮ ಮನೆಗೇ ಬರುತ್ತಾರೆ.

೩ ಫೆಬ್ರವರಿ

ವೆಂಕಟೇಶಮೂರ್ತಿಯವರು ಬೂತಿಗೆ ಫೋನು ಮಾಡಿ ಕರೆಸಿದರು. ಸರೋಜನ ಪಾತ್ರಕ್ಕೆ ಬೇರೆಯವರನ್ನು ಹಾಕಿಕೊಂಡಿದ್ದಾರೆ. ಹೈದರಾಬಾದಿನ ಹುಡುಗಿ.

೪ ಫೆಬ್ರವರಿ

ಏಳಲಿಲ್ಲ.

೮ ಫೆಬ್ರವರಿ

ಮೂರು ದಿನ ಶಾಲೆಗೆ ಹೋಗಿರಲಿಲ್ಲ. ಟೀಚರೇ ಬಂದರು. ನನಗೆ ಸಮಾಧಾನ ಹೇಳಲು ಅಂದುಕೊಂಡೆ. ಅಲ್ಲ. ಶಕೀಲಾಳನ್ನು ಅವಳ ಅಪ್ಪ ನಾಟಕದಿಂದ ಬಿಡಿಸಿದ್ದಾನೆ.

ಈ ತಾಜ್ ಪಾಷಾ ನಮ್ಮ ಬೀದಿಯವನೇ. ಈಗ ರೇಷ್ಮೆ ಬಿಚ್ಚಿಸುವ ದೊಡ್ಡ ರೀಲರ್. ಒಂದು ಕಾಲಕ್ಕೆ ದೊಡ್ಡವರು ನಮ್ಮಿಬ್ಬರ ಮದುವೆಯ ಮಾತು ಆಡಿದ್ದರು. ನಾನು ಆಡಿಷನ್ನಿಗೆ ಹೋಗಿಬಂದ ವಾರ ಅವರ ಮನೆಯಿಂದ ಆ ಮಾತು ನಿಂತಿತು. ಬೇಸರವಾಗಲಿಲ್ಲ ಅಂದರೆ ಸುಳ್ಳು. ಗಾಳಿಪಟ ಬಹಳ ಚೆನ್ನಾಗಿ ಮಾಡಿಕೊಡುತ್ತಿದ್ದ.

ಉಪವಾಸ ಬಿಡುವ ಹೊತ್ತು ಕಳೆಯಲೆಂದು ಕಾದು ಅವರ ಮನೆಗೆ ಹೋದೆ. ಅವನ ಹೆಂಡತಿ ಗಂಜಿ ಕೊಟ್ಟಳು. ಅವನು ನನ್ನನ್ನು ಬಿಟ್ಟು ಗಡಿಯಾರ, ಬಾಗಿಲು, ತನ್ನ ಕೈ ಎಲ್ಲವನ್ನೂ ನೋಡಿದ.

"ಗುಲ್ಷನ್, ನೀನು ಮನೆಗೆ ಬಂದಿದ್ದು ಸಂತೋಷ. ಆದ್ರೆ ಈ ವಿಷ್ಯ ಬಿಟ್ಬಿಡು."

"ಯಾಕೆ ತಾಜ್ ಭಾಯಿ? ಸ್ಕೂಲ್ ನಾಟಕ ತಾನೆ?"

"ನೀನೂ ಸ್ಕೂಲ್ ನಾಟಕದಿಂದಾನೇ ಶುರು ಮಾಡಿದ್ದು." ಆಮೇಲೆ ದನಿ ತಗ್ಗಿಸಿ ಅಂದ: "ಊರಲ್ಲಿ ಏನಂತಾರೆ ಗೊತ್ತಾ? ಮುಖ ತೋರ್ಸಿ ಬದುಕಿದ್ಲು, ದೇವ್ರು ಮುಖಾನೇ ಕಿತ್ಕೊಂಡ ಅಂತಾರೆ. ನಾಳೆ ನನ್ನ ಮಗಳಿಗೂ ಆ ಮಾತು ಬೇಕಾ?"

ಗಂಜಿಯ ಲೋಟ ಕೈಯಲ್ಲೇ ಇತ್ತು. ಎಸೆದುಬಿಡೋಣ ಅನ್ನಿಸಿತು. ಕುಡಿದೆ. ಒಂದು ಹನಿಯೂ ಸೋರಲಿಲ್ಲ.

"ಗಾಳಿ ಹೊಡೀತು ತಾಜ್ ಭಾಯಿ," ಅಂದೆ. "ಯಾರು ಟೀವೀಲಿ ಇದಾರೆ, ಯಾರು ಇಲ್ಲ ಅಂತ ಗಾಳಿಗೆ ಗೊತ್ತಾಗುತ್ತಾ? ಡಾಕ್ಟ್ರ ಹತ್ರ ಹೋದಾಗ ನನ್ನ ಮುಂದೆ ಒಬ್ರು ಮೌಲ್ವಿ ಸಾಹೇಬ್ರು ಕೂತಿದ್ರು, ಇದೇ ಕಾಯಿಲೆಗೆ."

ಒಳಗಿನಿಂದ ಅವನ ಹೆಂಡತಿ ನಕ್ಕದ್ದು ಕೇಳಿಸಿತು. ಅವನೂ ನಗಬೇಕೋ ಬೇಡವೋ ಅಂತ ನೆಲ ನೋಡಿದ.

"ಮುಖ ಕಾಣ್ಸೋದು ಬೇಡ, ಅಷ್ಟೇ ತಾನೆ ನೀವನ್ನೋದು? ಕಾಣ್ಸಲ್ಲ. ಪರದೆ ಹಿಂದೆ ನಿಂತು ಮಾತಾಡ್ತಾಳೆ. ಮುದುಕಿ ಪಾತ್ರಾನೇ ತೆಗೀತೀವಿ. ಬಾವಿ ಮಾತಾಡುತ್ತೆ."

"ಬಾವಿ ಯಾಕೆ ಮಾತಾಡುತ್ತೆ?"

"ನಾಟಕ ಅಲ್ವಾ?"

"ಬರೀ ದನಿ?" ಅಂದ.

"ಬರೀ ದನಿ."

ಒಪ್ಪಿದ. ಬರುವಾಗ ನನ್ನ ಮೇಲೆ ನನಗೇ ಸಿಟ್ಟು. ಅಂಥ ಹುಡುಗಿಯನ್ನು ಪರದೆ ಹಿಂದೆ ನಿಲ್ಲಿಸಿ ಬಂದೆನಲ್ಲ! ನನಗೆ ಯಾರಾದರೂ ಹಾಗೆ ಹೇಳಿದ್ದರೆ ಬಾಗಿಲು ಮುರಿದುಕೊಂಡು ಹೋಗುತ್ತಿದ್ದೆ. ಹೋಗಿಯೂ ಇದ್ದೆ. ಆದರೆ ಶಕೀಲಾ ನಾನಲ್ಲ. ಅವಳಿಗೆ ಅಪ್ಪ ಅಂದರೆ ಪ್ರಾಣ.

ಮನೆಗೆ ಬಂದಾಗ ಫುಪ್ಪು, "ಬುರ್ಖಾ ಎಲ್ಲಿ ಬಿಟ್ಟು ಬಂದೆ?" ಅಂತ ಕೇಳಿದರು. ನೋಡಿದರೆ ಅದು ಮೊಳೆಯಲ್ಲೇ ನೇತಾಡುತ್ತಿತ್ತು. ದುಪಟ್ಟಾದಲ್ಲೇ ಹೋಗಿದ್ದೆನಂತೆ.

೧೩ ಫೆಬ್ರವರಿ, ಮಂಗಳವಾರ

ಹೊಸ ಸರೋಜ ಬಂದಳು. ನೋಡಬಾರದು ಅಂದುಕೊಂಡಿದ್ದೆ. ಗಂಗುಲಮ್ಮ ಚಾಪೆ ಹಾಸಿ ಕೂತ ಮೇಲೆ ಎದ್ದು ಹೋಗುವುದು ಹೇಗೆ? ಹೋದ ವಾರ ಕಥೆಯಲ್ಲಿ ಸರೋಜ ತವರಿಗೆ ಹೋಗಿದ್ದಳು. ಇವತ್ತು ಜಟಕಾದಿಂದ ಬೇರೆಯವಳು ಇಳಿದಳು. ದೊಡ್ಡ ಕಣ್ಣು, ಚಿಕ್ಕ ವಯಸ್ಸು.

ಗಂಗುಲಮ್ಮ ಎದ್ದು ಟೀವಿಯ ಹತ್ತಿರವೇ ಹೋದರು. "ಎವುರಮ್ಮಾ ಇದಿ, ಯಾರಿವ್ಳು? ತೌರಿಗೋದೋಳು ಒಬ್ಳು, ಬಂದೋಳು ಇನ್ನೊಬ್ಳು! ಆ ಗಂಡುಂಗೂ ಗೊತ್ತಾಗ್ಲಿಲ್ವಾ? ಬ್ಯಾಗ್ ತಕ್ಕೊಂಡು ಒಳಕ್ಕೆ ಕರ್ಕೊಂಡೋಗ್ತಾವ್ನೆ!"

ಅಳಬೇಕಾದವಳು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಗ ಅಡುಗೆಮನೆಯಿಂದ ಫುಪ್ಪು ಕೂಗಿದರು. "ಗುಲ್ಷು, ಅಲ್ಲಿ ನಿನ್ನ ಮಾತು ಆಡ್ತಿರೋದು ಯಾರು?"

ಎದ್ದು ಒಳಗೆ ಹೋದೆ. ಅವರು ಒಲೆ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದರು.

"ನೀವು ಟೀವಿ ನೋಡಲ್ವಲ್ಲ ಫುಪ್ಪು?"

"ನೋಡಲ್ಲ. ಕೇಳಿಸ್ಕೊತೀನಿ." ರೊಟ್ಟಿ ಮಗುಚಿದರು. "ನೀನು ಅಳೋಕೆ ಮುಂಚೆ ಮೂಗಲ್ಲಿ ಒಂದ್ಸಲ ಉಸಿರು ಎಳ್ಕೊತೀಯ. ಚಿಕ್ಕೋಳಿದ್ದಾಗ್ಲಿಂದ ಹಾಗೇ. ಇವಳು ಎಳ್ಕೊಳ್ಳಲ್ಲ. ಅದ್ಕೇ ಕೇಳ್ದೆ."

"ಯಾವಾಗಿಂದ ಕೇಳಿಸ್ಕೊತಿದೀರಿ?"

"ಮೊದ್ಲನೇ ದಿನದಿಂದ. 'ಅಮ್ಮಾವ್ರೇ, ಯಾರೋ ಬಂದಿದಾರೆ' ಅಂದ್ಯಲ್ಲ, ಅವತ್ತು ಆ ಮನೆ ಹಿತ್ತಲಲ್ಲಿ ನಿಂತಿದ್ದೆ."

ಇಷ್ಟು ವರ್ಷ ನಾನು ಏನೇನೋ ಅಂದುಕೊಂಡಿದ್ದೆ: ಮತ, ಮಾನ, ಮುರಿದ ಮದುವೆ ಮಾತು. "ಹಾಗಾದ್ರೆ ಮುಂದೆ ಬಂದು ಕೂತು ಯಾಕೆ ನೋಡ್ಲಿಲ್ಲ?"

"ಹೆಂಗೆ ನೋಡ್ಲಿ? ಯಾವಾಗ್ಲೂ ಯಾರಾದ್ರೂ ನಿನ್ನ ಬೈತಾರೆ. ಅತ್ತೆ ಕೂದ್ಲು ಹಿಡ್ದು ಎಳೀತಾಳೆ. ಒಂದ್ಸಲ ಸೀಮೆಎಣ್ಣೆ ಸುರೀತಾರೆ ಅಂದ್ರು ಗಂಗುಲಮ್ಮ. ನಾನು ಸಾಕಿದ ಮಗು. ಸುಳ್ಳು ಅಂತ ಗೊತ್ತು. ಆದ್ರೂ ನೋಡೋಕಾಗಲ್ಲಪ್ಪ."

ಒಲೆಯ ಮುಂದೆ ಅವರ ಪಕ್ಕ ಕೂತು ಬಿಸಿ ರೊಟ್ಟಿ ತಿಂದೆ. ಹೊರಗೆ ಧಾರಾವಾಹಿ ಮುಗಿದದ್ದು ಗೊತ್ತಾಗಲಿಲ್ಲ.

೨೩ ಫೆಬ್ರವರಿ

ಹಬ್ಬ ಕಳೆಯಿತು. ಈದ್ ದಿನ ಬೀದಿಯ ಹೆಂಗಸರೆಲ್ಲ ಬಂದುಹೋದರು. ಹೊಸ ಸಲ್ವಾರು ಹೊಲಿಸಿದ್ದರು ಫುಪ್ಪು, ಗಿಳಿಹಸಿರು, ಈ ವಯಸ್ಸಿಗೆ. ಶಕೀಲಾ ಬಟ್ಟಲು ತುಂಬ ಹಬ್ಬದ ಶಾವಿಗೆ ಪಾಯಸ ಶೀರ್‌ಖುರ್ಮಾ ತಂದು ಅಲ್ಲೇ ಕೂತು ತನ್ನ ಮಾತನ್ನೆಲ್ಲ ಒಪ್ಪಿಸಿದಳು. ಇನ್ನೂ ಮೂರನೇ ಕಥೆಯಲ್ಲಿ ಅವಸರ ಮಾಡುತ್ತಾಳೆ. ನಾಳೆ ತಿದ್ದಬೇಕು. ಪರದೆಯ ಬಟ್ಟೆ ದಪ್ಪವಾಯಿತು, ದನಿ ಹಿಡಿಯುತ್ತದೆ. ತೆಳುವಾದ ಪಂಚೆ ಯಾರ ಮನೆಯಲ್ಲಾದರೂ ಕೇಳಬೇಕು.

೨ ಮಾರ್ಚ್, ಶನಿವಾರ

ಮುಗಿಯಿತು! ನಾನೇ ಆಡಿದಂತೆ ಅನ್ನಿಸುತ್ತಿದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಇಟ್ಟಿಗೆ ಜೋಡಿಸಿ ಸುಣ್ಣ ಬಳಿದ ಬಾವಿಕಟ್ಟೆ. ಅದರ ಹಿಂದೆ ಬಿಳಿ ಪಂಚೆಯ ಪರದೆ, ಅದರ ಹಿಂದೆ ಶಕೀಲಾ, ಅವಳ ಪಕ್ಕ ನಾನು. ಮದುವಣಗಿತ್ತಿಯರು ಬಿಂದಿಗೆ ಇಳಿಸಿದರು. ಮೂವರಲ್ಲಿ ಚಿಕ್ಕವಳು ಬಾವಿಯೊಳಗೆ ಬಗ್ಗಿ "ಯಾರಿದೀರಾ?" ಅಂದಳು. ಮೂವರೂ ಕಾದರು. ಶಕೀಲಾ ಕೂಡ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಉಸಿರು ತೆಗೆದುಕೊಳ್ಳುತ್ತಿದ್ದಳು, ಅವಸರ ಮಾಡದೆ.

"ನಾನಿದೀನಿ," ಅಂದಳು. "ನಿಮ್ಮ ಅಜ್ಜಿ ಬಂದಾಗ್ಲೂ ಇದ್ದೆ."

ಗದ್ದಲ ಮಾಡುತ್ತಿದ್ದ ಹಿಂದಿನ ಸಾಲು ಕೂಡ ಅಡಗಿತು. ಪಂಚೆಯ ಸಂದಿನಿಂದ ನೋಡಿದೆ. ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗಂಡಸರ ಕಡೆ ತಾಜ್ ಪಾಷಾ ಕುರ್ಚಿಯಲ್ಲಿ ಕೂತಿದ್ದವನು ಪಕ್ಕದವನ ಕಡೆ ಬಾಗಿ ಏನೋ ಕೇಳಿದ. ಪಕ್ಕದಲ್ಲಿದ್ದದ್ದು ಟೀಚರ ತಮ್ಮ ದಕ್ಷಿಣಾಮೂರ್ತಿಯವರು. ಆಮೇಲೆ ಹೇಳಿದರು, ಅವನು ಕೇಳಿದ್ದು ಇಷ್ಟೇ ಅಂತೆ: "ಯಾವ ಊರಿಂದ ಕರೆಸಿದಾರೆ ಸಾರ್ ಈಯಮ್ಮನ್ನ?"

೩ ಮಾರ್ಚ್

ಬೆಳಿಗ್ಗೆಯೇ ತಾಜ್ ಪಾಷಾ ಬಂದ. ಒಳಗೆ ಕರೆದರೂ ಬರದೆ ಶೆಡ್ಡಿನ ಹತ್ತಿರ ನಿಂತ.

"ಅದು ನಮ್ಮ ಶಕೀಲಾನೇನಾ?"

"ಬರೀ ದನಿ ತಾನೆ?" ಅಂದೆ.

"ಮನೇಲಿ ಹಂಗೆ ಮಾತಾಡಿದ್ದೇ ಇಲ್ಲ ಗುಲ್ಷನ್. ಬರೀ ಹೂಂ, ಊಹೂಂ ಅಂತಾಳೆ." ಗೂಡು ಬೇಯುವ ಬೇಸಿನ್ನಿನ ಆವಿ ನೋಡಿದ. "ಕೋಲಾರದಲ್ಲಿ ಸ್ಪರ್ಧೆ ಐತಂತೆ ಜೂನಲ್ಲಿ. ಟೀಚರ್ ಅಂದ್ರು. ನೀನು ಜೊತೇಲಿ ಹೋಗ್ತೀಯಾ?"

"ಹೋಗ್ತೀನಿ."

"ಪರದೆ ವಿಷ್ಯ… ಆಗ ನೋಡೋಣ." ಇಷ್ಟು ಹೇಳಿ ಹೊರಟುಹೋದ. ಜೂನಿನಲ್ಲಿ ನಾನೆಲ್ಲಿರುತ್ತೇನೆ ಅಂತ ಯೋಚಿಸದೆಯೇ ಒಪ್ಪಿಕೊಂಡಿದ್ದೇನೆ.

೯ ಮಾರ್ಚ್

ವೆಂಕಟೇಶಮೂರ್ತಿಯವರು ಕಾರಿನಲ್ಲಿ ಬಂದರು. ಬೀದಿ ಮಕ್ಕಳೆಲ್ಲ ಹಿಂದೆ. ಅವರು ಕೂರುವ ಮುಂಚೆಯೇ ನನ್ನ ಮುಖವನ್ನು ಕ್ಯಾಮೆರಾದ ಹಾಗೆ ನೋಡಿದರು.

"ಕಣ್ಣು ಸರಿಹೋಗಿದೆ. ಮಾತೂ ಸರಿಯಾಗಿದೆ. ನಗುವಾಗ ಮಾತ್ರ ಎಡಗಡೆ ಸ್ವಲ್ಪ…"

"ಹೌದಾ?" ಅಂದೆ. ಎದ್ದು ಕನ್ನಡಿ ಹುಡುಕಿದರೆ ಅದು ಅಟ್ಟದ ಮೇಲೆ, ಹಬ್ಬಕ್ಕೆ ಸುಣ್ಣ ಹೊಡೆಸುವಾಗ ತೆಗೆದಿಟ್ಟದ್ದು.

ವಿಷಯ ನಿಧಾನವಾಗಿ ಹೊರಬಂತು. ಹೊಸ ಹುಡುಗಿಗೆ ಕನ್ನಡ ಬಾರದು. ಬೇರೆ ಯಾರದೋ ದನಿ ಕೊಡಿಸಿದರೆ ನೋಡುವವರಿಗೆ ಒಗ್ಗುತ್ತಿಲ್ಲ. "ಸರೋಜನ ದನಿ ಎಲ್ಲಿ ಅಂತ ಕೇಳ್ತಾರೆ ಜನ. ನೀವೇ ಅವಳಿಗೆ ಡಬ್ ಮಾಡಿಕೊಡಬೇಕು."

"ನನ್ನ ಜಾಗದಲ್ಲಿ ಕೂತವಳಿಗೆ ನಾನೇ ಮಾತು ಕೊಡ್ಬೇಕಾ ಸಾರ್?"

ನಾನು ಎದ್ದು ಶೆಡ್ಡಿಗೆ ಹೋದೆ. ಫುಪ್ಪು ಎಲ್ಲ ಕೇಳಿಸಿಕೊಂಡಿದ್ದರು. ಬೇಡ ಅನ್ನಬಹುದಿತ್ತು. ಮತ್ತೆ ಮುಖ ಪೂರ್ತಿ ಸರಿಯಾಗುವವರೆಗೆ ಕಾಯಬಹುದಿತ್ತು. ಆದರೆ ಸರೋಜ ಎರಡು ವರ್ಷ ನನ್ನ ಜೊತೆ ಬದುಕಿದವಳು. ಅವಳು ಯಾರ ಯಾರ ಬಾಯಲ್ಲೋ ತಪ್ಪು ತಪ್ಪು ಮಾತಾಡುವುದನ್ನು ನಾನೂ ಮಂಗಳವಾರ ಮಂಗಳವಾರ ಕೇಳಿದ್ದೇನೆ. ಇಲ್ಲಿ ಹೀಗಲ್ಲ, ಇಲ್ಲಿ ನಿಲ್ಲಬೇಕಿತ್ತು ಅಂತ ಕೂತಲ್ಲೇ ಚಡಪಡಿಸಿದ್ದೇನೆ.

ಒಳಗೆ ಬಂದು ಹೇಳಿದೆ: "ಮಾಡ್ತೀನಿ ಸಾರ್. ಗುರುವಾರ ಮಾತ್ರ ಬರ್ತೀನಿ. ಉಳಿದ ದಿನ ಇಲ್ಲಿ ರಿಹರ್ಸಲ್ ಇರುತ್ತೆ. ಟೈಟಲ್ಲಿನಲ್ಲಿ ದನಿ ಕೊಟ್ಟವರು ಗುಲ್ಷನ್ ಅಂತ ಹಾಕಿ."

"ವಸುಧಾ ಅಂತಲೇ ಹಾಕೋಣಮ್ಮ, ಜನಕ್ಕೆ ಗೊತ್ತಿರೋದು…"

"ನಾಲಿಗೆ ತಿರುಗಲ್ಲ ಅಂದಿದ್ರಿ. ಬರೀ ಓದೋದು ತಾನೆ ಸಾರ್? ಓದ್ಕೊತಾರೆ."

ಫುಪ್ಪು ಚಹಾ ತಂದರು. ಡೈರೆಕ್ಟರು ಎರಡು ಸಲ ಹಾಕಿಸಿಕೊಂಡು ಕುಡಿದರು.

೧೪ ಮಾರ್ಚ್, ಗುರುವಾರ

ಬೆಳಿಗ್ಗೆಯಿಂದ ಡಬ್ಬಿಂಗ್. ಕತ್ತಲ ಕೋಣೆ, ಮುಂದೆ ಪರದೆ, ಕಿವಿಗೆ ಹೆಡ್‌ಫೋನು. ಆ ಹುಡುಗಿಯ ತುಟಿಗೆ ನನ್ನ ಮಾತು ಕೂರಿಸಬೇಕು. ಮೊದಲ ಕೆಲವು ದೃಶ್ಯ ಹಲ್ಲು ಕಚ್ಚಿಕೊಂಡು ಮಾಡಿದೆ. ಆಮೇಲೆ ಒಂದು ಕಡೆ, ಮಾವ ಬೈಯುವಾಗ, ಅವಳು ತಕ್ಷಣ ಅಳದೆ ಕಾಲಿನ ಹೆಬ್ಬೆರಳು ನೋಡಿಕೊಂಡಳು. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅದೇ ಸರಿ ಅನ್ನಿಸಿತು. "ಇನ್ನೊಂದ್ಸಲ ಹಾಕಿ," ಅಂದು ಅವಳ ಆ ನೋಟಕ್ಕೆ ತಕ್ಕ ಹಾಗೆ ಮಾತನ್ನು ತಡೆದು ತಡೆದು ಆಡಿದೆ. ಅಂಥ ಟೇಕು ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಮಧ್ಯಾಹ್ನ ಅವಳೇ ಬಂದಳು, ಹೆದರಿಕೊಂಡು. ತೆಲುಗಿನಲ್ಲಿ ಮಾತಾಡಿಸಿದೆ. "ಮೀಕು ತೆಲುಗು ವಚ್ಚಾ ಅಕ್ಕಾ?" ಅಂತ ಕಣ್ಣರಳಿಸಿದಳು. ಶಿಡ್ಲಘಟ್ಟದವರಿಗೆ ತೆಲುಗು ಬಾರದೆ ಇರುತ್ತದೆಯೇ? ಊಟ ಮಾಡುತ್ತಾ, ಕನ್ನಡದ ಮಾತು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅಂತ ಒಂದಿಷ್ಟು ಹೇಳಿಕೊಟ್ಟೆ.

ಸಂಜೆ ಬೇಗ ಮನೆಗೆ ಹೊರಟೆ. ನಾನಿದ್ದ ಮಲ್ಲೇಶ್ವರದ ಬಾಡಿಗೆ ಮನೆಗೆ ಹೋಗಿ ಬೀಗ ತೆಗೆದು ನೋಡಿ ಬರಬೇಕೆಂದಿದ್ದೆ, ಮರೆತೇಹೋಯಿತು. ದಾರಿಯ ವಿಜಯಪುರದಲ್ಲಿ ಹೆಂಗಸೊಬ್ಬಳು ಬಸ್ಸು ಹತ್ತಿ ನನ್ನ ಪಕ್ಕ ಕೂತಳು, ಜಂಗಮಕೋಟೆಯವಳು. ಚೀಲದಲ್ಲಿ ಕೋಳಿ. ಕಂಡಕ್ಟರು ಬಂದಾಗ ಸೆರಗು ಮುಚ್ಚಿ, "ಏನಿಲ್ಲಪ್ಪ, ಸೊಪ್ಪು," ಅಂದಳು. ಸೊಪ್ಪು ಕೊಕ್ಕೊಕ್ಕೋ ಅಂದಿತು. ಕಂಡಕ್ಟರು ತಲೆ ಮೇಲೆ ಕೈ ಹೊತ್ತುಕೊಂಡ. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ನಗು ನಿಲ್ಲಿಸಲಾಗಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ.

ಆಕೆ ನನ್ನನ್ನೇ ನೋಡುತ್ತಿದ್ದಳು. "ಅಲ್ಲಾ ಕಣವ್ವ, ನೀನು ಟೀವೀಲಿ ಬರೋ ಸರೋಜ ಅಲ್ವಾ?"

"ಹೌದು."

"ಯಾವಾಗ್ ನೋಡಿದ್ರೂ ಅಳ್ತಾನೇ ಇರ್ತಿದ್ದೆ. ನಿಂಗೆ ಇಂಗ್ ನಗಾಕೂ ಬತ್ತದೆ ಅಂತ ನಂಗೊತ್ತೇ ಇರ್ನಿಲ್ಲ!"

ಆಕೆ ಇಳಿಯುವವರೆಗೂ ಇಬ್ಬರೂ ಮಾತಾಡುತ್ತಲೇ ಬಂದೆವು. ಏನು ಮಾತಾಡಿದೆವು ಅಂತ ಈಗ ನೆನಪಿಲ್ಲ.